ಹುಣಸೂರಿನ ಸಸಿಮಡಿಗಳು: ಹೊಗೆಸೊಪ್ಪಿನ ರೋಗಗಳ ಬೆನ್ನುಹತ್ತಿದ ಕಥೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಕೆಂಪು ಮರಳುಮಿಶ್ರಿತ ನೆಲ ಹಗುರ. ಬಿದ್ದ ಮಳೆ ನಿಲ್ಲದೆ ಬಸಿದುಹೋಗುತ್ತದೆ. ವರ್ಜೀನಿಯಾ ಹೊಗೆಸೊಪ್ಪಿಗೆ ಬೇಕಾದದ್ದು ಇಂಥ ಮಣ್ಣೇ. ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಹದವಾದ ಎಲೆಗೆ ಹೊಂಬಣ್ಣ ಬರುವುದರ ಹಿಂದೆ ಈ ನೆಲದ ಪಾಲು ದೊಡ್ಡದು. ಆದರೆ ಸಡಿಲ ಮಣ್ಣು ಬೇರಿಗೆ ಹಿತವಾದಂತೆ ಬೇರು ತಿನ್ನುವ ಹುಳುವಿಗೂ ಹಿತ. ಬೇಸಿಗೆಯಲ್ಲಿ ನೀರುಣಿಸಿ ಒತ್ತಾಗಿ ಬೆಳೆಸುವ ಸಸಿಮಡಿ ಶಿಲೀಂಧ್ರಕ್ಕೂ ತೊಟ್ಟಿಲಾಗುತ್ತದೆ. ಈ ಸೀಮೆಯಲ್ಲಿ ನಡೆದ ಸಸ್ಯರೋಗ ಸಂಶೋಧನೆಯೆಲ್ಲ ಈ ಇಕ್ಕಟ್ಟಿನಿಂದಲೇ ಹುಟ್ಟಿದ್ದು.

ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆ 1947ರಲ್ಲಿ ರಾಜಮಂಡ್ರಿಯಲ್ಲಿ ಆರಂಭವಾಯಿತು. ಅದರ ಹುಣಸೂರು ಕೇಂದ್ರ ಶುರುವಾದದ್ದು 1957ರಲ್ಲಿ. ಆಂಧ್ರದ ಕರಿನೆಲದಲ್ಲಿ ಹೊಗೆಸೊಪ್ಪು ಚಳಿಗಾಲದ ಬೆಳೆ. ಹುಣಸೂರಿನಲ್ಲಿ ಅದು ಮುಂಗಾರಿನದು: ಬೇಸಿಗೆಯಲ್ಲಿ ಸಸಿ ಎಬ್ಬಿಸಿ, ಮುಂಗಾರು ಪೂರ್ವದ ಮಳೆ ನೋಡಿಕೊಂಡು ಹೊಲಕ್ಕೆ ನಾಟಿ ಮಾಡುತ್ತಾರೆ. ಕಾಲ ಬೇರೆ, ಮಣ್ಣು ಬೇರೆ ಎಂದಮೇಲೆ ರೋಗಗಳ ನಡೆಯೂ ಬೇರೆ. ಅಲ್ಲಿನ ಪರಿಹಾರವನ್ನು ಹಾಗೆಯೇ ಇಲ್ಲಿಗೆ ತರುವಂತಿರಲಿಲ್ಲ.

ಸಮಸ್ಯೆಯ ಮೂಲ ಬೀಜದ ಗಾತ್ರದಲ್ಲೇ ಇದೆ. ಒಂದು ಗ್ರಾಂ ಹೊಗೆಸೊಪ್ಪಿನ ಬೀಜದಲ್ಲಿ 10,000ಕ್ಕೂ ಹೆಚ್ಚು ಕಾಳುಗಳಿರುತ್ತವೆ. ಕೈ ಸ್ವಲ್ಪ ಸಡಿಲಾದರೂ ಮಡಿಯಲ್ಲಿ ಸಸಿ ಕಿಕ್ಕಿರಿಯುತ್ತದೆ. ಗಾಳಿಯಾಡದ ಆ ತೇವದಲ್ಲಿ ಪಿಥಿಯಂ ಎಂಬ ರೋಗಾಣು ಕಾಂಡದ ಬುಡವನ್ನು ಕೊಳೆಸುತ್ತದೆ. ಸಂಜೆ ನಿಂತಿದ್ದ ಸಸಿಗಳು ಬೆಳಗಾಗುವಷ್ಟರಲ್ಲಿ ತಟ್ಟೆಯಗಲ ತೇಪೆಗಳಾಗಿ ಮಲಗಿರುತ್ತವೆ. ಇದರ ನೆಂಟನೇ ಆದ ಫೈಟಾಫ್ತೊರಾ ಮಡಿಯಲ್ಲಿ ಎಲೆಗಳನ್ನು ಬೇಯಿಸಿದಂತೆ ಮಾಡಿ, ಹೊಲದಲ್ಲಿ ಕಪ್ಪು ಕಾಂಡ ರೋಗವಾಗಿ ಮತ್ತೆ ತಲೆಯೆತ್ತುತ್ತದೆ. ವಿಜ್ಞಾನಿ ವಾನ್ ಬ್ರೆಡಾ ಡಿ ಹಾನ್ 1896ರಲ್ಲಿ ಜಾವಾದಲ್ಲಿ ಈ ರೋಗವನ್ನು ಮೊದಲು ವಿವರಿಸಿದರು.

ಮೈಸೂರು ಸೀಮೆಗೆ ಫೈಟಾಫ್ತೊರಾ ಅಪರಿಚಿತವಾಗಿರಲಿಲ್ಲ. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದ್ದರು. ಅಲ್ಲಿಯೂ ಕಾರಣ ಇದೇ ಕುಲದ ರೋಗಾಣು. ಮದ್ದು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಅಡಿಕೆ ಗೊನೆಗೆ ಸಿಂಪಡಿಸಿದ ಆ ದ್ರಾವಣವೇ ಹೊಗೆಸೊಪ್ಪಿನ ಸಸಿಮಡಿಗೂ ಬಂತು. ಮಡಿಯನ್ನು ಎತ್ತರಿಸಿ ನೀರು ಬಸಿಯುವಂತೆ ಮಾಡುವುದು, ಬೀಜವನ್ನು ತೆಳುವಾಗಿ ಚೆಲ್ಲುವುದು ಅದರ ಜೊತೆಗೇ ನಡೆಯಬೇಕು. ಇವೆರಡು ತಪ್ಪಿದರೆ ಯಾವ ಔಷಧಿಯೂ ಸಸಿ ಉಳಿಸುವುದಿಲ್ಲ.

ಹುಣಸೂರಿನ ಹಗುರ ನೆಲದ ಖಾಸಾ ಶತ್ರು ಬೇರುಗಂಟು ರೋಗ. ಮೆಲಾಯ್ಡೊಗೈನ್ ಎಂಬ ಕಣ್ಣಿಗೆ ಕಾಣದ ಜಂತುಹುಳು ಎಳೆಬೇರನ್ನು ಹೊಕ್ಕು, ಗಿಡದ ಕೆಲವು ಜೀವಕೋಶಗಳನ್ನು ದೈತ್ಯಗಾತ್ರಕ್ಕೆ ಉಬ್ಬಿಸಿ, ಅವುಗಳ ರಸ ಹೀರುತ್ತ ಒಂದೇ ಕಡೆ ನೆಲೆಯೂರುತ್ತದೆ. ಬೇರಿನ ಮೇಲೆ ಗಂಟುಗಳೇಳುತ್ತವೆ. ಮೇಲೆ ಗಿಡ ನೀರು ಕಾಣದಂತೆ ಮಧ್ಯಾಹ್ನ ಬಾಡುತ್ತದೆ. ಸಸಿಮಡಿಯಿಂದ ಗಂಟುಬೇರಿನ ಸಸಿ ಹೊಲಕ್ಕೆ ಹೋದರೆ ರೋಗವನ್ನೇ ನಾಟಿ ಮಾಡಿದಂತೆ. ಆದ್ದರಿಂದ ಬಿತ್ತುವ ಮೊದಲು ಮಡಿಯ ಮೇಲೆ ಕಸಕಡ್ಡಿ ಹರಡಿ ಸುಡುವ ಹಳೆಯ ಪದ್ಧತಿ ಇತ್ತು. ಅದೇ ಉದ್ದೇಶಕ್ಕೆ ಆಮೇಲೆ ಸೂರ್ಯನ ಶಾಖ ಒದಗಿತು: ಕಡುಬೇಸಿಗೆಯಲ್ಲಿ ತೇವದ ಮಡಿಗೆ ತೆಳು ಪಾಲಿಥೀನ್ ಹಾಳೆ ಹೊದಿಸಿ ಕೆಲವು ವಾರ ಬಿಟ್ಟರೆ ಮೇಲ್ಮಣ್ಣು ಕಾದು ಹುಳು, ಶಿಲೀಂಧ್ರ, ಕಳೆಬೀಜ ಮೂರೂ ಸಾಯುತ್ತವೆ. ಬೇವಿನ ಹಿಂಡಿ ಮತ್ತು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಈ ಸಾಲಿಗೆ ಸೇರಿದವು.

ಹೊಗೆಸೊಪ್ಪಿನ ರೋಗಗಳಲ್ಲಿ ಲೋಕಪ್ರಸಿದ್ಧವಾದುದು ಮೊಸಾಯಿಕ್ ನಂಜುರೋಗ. ವೈರಸ್ ಎಂಬ ಕಲ್ಪನೆಯೇ ಈ ಎಲೆಯಿಂದ ಹುಟ್ಟಿತೆಂಬುದು ಹುಣಸೂರಿನ ರೈತರೂ ಹೆಮ್ಮೆಪಡಬಹುದಾದ ಸಂಗತಿ. 1892ರಲ್ಲಿ ರಷ್ಯಾದ ಇವನೋವ್‌ಸ್ಕಿ ಬ್ಯಾಕ್ಟೀರಿಯಾ ದಾಟಲಾಗದ ಸೋಸುಕದಿಂದ ರೋಗದ ಎಲೆಯ ರಸವನ್ನು ಸೋಸಿ, ಆ ರಸಕ್ಕೆ ರೋಗ ಹರಡುವ ಶಕ್ತಿ ಉಳಿದಿರುವುದನ್ನು ಕಂಡರು. 1898ರಲ್ಲಿ ವಿಜ್ಞಾನಿ ಬೈಯರಿಂಕ್ ಅದನ್ನು ಸಾಂಕ್ರಾಮಿಕ ಜೀವದ್ರವವೆಂದು ಕರೆದರು. ಈ ವೈರಸ್ ಹದಮಾಡಿದ ಎಲೆಯಲ್ಲೂ ಬದುಕಿರುತ್ತದೆ. ಹಾಗಾಗಿ ಬೀಡಿ ಸೇದಿದ, ಹೊಗೆಸೊಪ್ಪು ತಿಕ್ಕಿದ ಕೈ ತೊಳೆಯದೆ ಸಸಿ ಮುಟ್ಟಬಾರದೆಂಬ ಸೂಚನೆ ಬಂದದ್ದು.

ಗಿಡ ತಾನೇ ಹೇಗೆ ಎದುರಿಸುತ್ತದೆ ಎಂಬುದಕ್ಕೂ ಮೊದಲ ಸ್ಪಷ್ಟ ಉತ್ತರಗಳಲ್ಲೊಂದು ಇದೇ ರೋಗದಿಂದ ದೊರೆಯಿತು. ದಕ್ಷಿಣ ಅಮೆರಿಕದ ಕಾಡುತಂಬಾಕು ನಿಕೋಟಿಯಾನ ಗ್ಲುಟಿನೋಸದ ಎಲೆಗೆ ವೈರಸ್ ತಗುಲಿದರೆ, ತಗುಲಿದ ಚುಕ್ಕೆಯ ಸುತ್ತಲಿನ ಕೋಶಗಳು ತಾವಾಗಿ ಸತ್ತು ವೈರಸ್ಸನ್ನು ಅಲ್ಲೇ ಕಟ್ಟಿಹಾಕುತ್ತವೆ. ಅಮೆರಿಕದ ಹೋಮ್ಸ್ 1938ರಲ್ಲಿ ಈ ಗುಣವನ್ನು ಸಾಗುವಳಿಯ ತಂಬಾಕಿಗೆ ಸಂಕರದ ಮೂಲಕ ತಂದರು. ಅದರ ಹಿಂದಿನ ‘ಎನ್’ ಜೀನ್ ಅನ್ನು 1994ರಲ್ಲಿ ಬೇರ್ಪಡಿಸಲಾಯಿತು. ಆದರೆ ತಾಪ 28 ಡಿಗ್ರಿ ಸೆಲ್ಸಿಯಸ್ ಮೀರಿದರೆ ಈ ರಕ್ಷಣೆ ಸಡಿಲುತ್ತದೆ. ಬೇಸಿಗೆಯಲ್ಲೇ ಸಸಿ ಎಬ್ಬಿಸುವ ಸೀಮೆಗೆ ಇದು ಸಣ್ಣ ಮಾತಲ್ಲ.

ತಳಿಗಳ ಕಡೆಗೆ ಹುಣಸೂರಿನ ಕೊಡುಗೆ ದೊಡ್ಡದು. ಹೆಚ್ಚು ಇಳುವರಿಯ ‘ಕಾಂಚನ್’ ಈ ನಾಲ್ಕೂ ತಾಲ್ಲೂಕುಗಳ ಹೊಲಗಳನ್ನು ಬಹುಕಾಲ ಆಳಿತು. ಆದರೆ ಮಣ್ಣಿನ ಫ್ಯುಸೇರಿಯಂ ಶಿಲೀಂಧ್ರದಿಂದ ಬರುವ ಸೊರಗು ರೋಗಕ್ಕೆ ಅದು ಸುಲಭವಾಗಿ ತುತ್ತಾಯಿತು. ಒಂದೇ ತಳಿ, ಒಂದೇ ಹೊಲ, ವರ್ಷವರ್ಷವೂ ಅದೇ ಬೆಳೆ ಎಂದಾಗ ರೋಗಾಣು ನೆಲದಲ್ಲಿ ಬಲಿಯುವುದು ಸಹಜ. ಜಂತುಹುಳು ಮಾಡಿದ ಗಾಯ ಶಿಲೀಂಧ್ರಕ್ಕೆ ಬಾಗಿಲಾದ್ದರಿಂದ ಎರಡೂ ರೋಗ ಒಟ್ಟಿಗೆ ಬಂದ ಕಡೆ ನಷ್ಟ ಇನ್ನೂ ಹೆಚ್ಚು. ಸೊರಗನ್ನು ತಡೆದುಕೊಳ್ಳುವ ‘ಎಫ್‌ಸಿಎಚ್ 222’ ತಳಿಯನ್ನು ಹುಣಸೂರು ಕೇಂದ್ರ ಹೊರತಂದದ್ದು ಈ ಹಿನ್ನೆಲೆಯಲ್ಲಿ.

ಸಸಿಮಡಿಯ ರೂಪವೂ ಬದಲಾಯಿತು. ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಟ್ರೇಗಳಿಗೆ ಸಸಿಗಳನ್ನು ವರ್ಗಾಯಿಸಿ ಬೆಳೆಸುವ ಕ್ರಮದಲ್ಲಿ ಬೇರು ಹೊಲದ ಮಣ್ಣಿನ ರೋಗದಿಂದ ದೂರವಿರುತ್ತದೆ, ಕೀಳುವಾಗ ಹರಿಯುವುದಿಲ್ಲ. ಹೊಲದಲ್ಲಿ ಮಾತ್ರ ಹಳೆಯ ಉಪಾಯವೇ ನಡೆಯುತ್ತಿದೆ: ಒಂದು ವರ್ಷ ಹೊಗೆಸೊಪ್ಪು ಬಿಟ್ಟು ರಾಗಿ ಹಾಕಿದರೆ, ರಾಗಿಯ ಬೇರಿನಲ್ಲಿ ಸಾಕಷ್ಟು ಆಹಾರ ಸಿಗದ ಗಂಟುಹುಳುವಿನ ಸಂಖ್ಯೆ ಮಣ್ಣಿನಲ್ಲಿ ಇಳಿಯುತ್ತದೆ.