ಡೀಸೆಲ್ ಆಡಿಟಿವ್

ಇಂಧನದ ಗುಣವನ್ನು ತಿದ್ದಲು ಡೀಸೆಲ್‌ಗೆ ಅಲ್ಪ ಪ್ರಮಾಣದಲ್ಲಿ ಬೆರೆಸುವ ರಾಸಾಯನಿಕ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕ ಕೆ.ಜಿ.ಗೆ 10 ಮಿಲಿಗ್ರಾಂ ಮೀರುವಂತಿಲ್ಲ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಸಹಜ ಜಾರುಗುಣವೂ ಕುಗ್ಗುತ್ತದೆ. ಅಧಿಕ ಒತ್ತಡದ ಪಂಪ್ ಸವೆಯದಂತೆ ಬೇಕಾದ ಆಡಿಟಿವ್ ಅನ್ನು ತೈಲ ಕಂಪನಿಗಳೇ ಬೆರೆಸಿ ಕಳಿಸುತ್ತವೆ. ಹಾಗಾಗಿ ನಂಬಿಕಸ್ಥ ಬಂಕ್‌ನಲ್ಲಿ ತುಂಬಿಸುವ, ಸುಸ್ಥಿತಿಯ ಕಾರಿಗೆ ಅಂಗಡಿಯ ಬಾಟಲಿ ಬೇಕಿಲ್ಲ. ಮೈಲೇಜ್ ಏರುತ್ತದೆಂಬ ಭರವಸೆಗೆ ಹಣ ಸುರಿಯುವುದು ವ್ಯರ್ಥ.

ಇಂಜೆಕ್ಟರ್ ರಂಧ್ರಗಳಲ್ಲಿ ಜಿಡ್ಡು ಕಟ್ಟಿ ಐಡ್ಲಿಂಗ್ ಒರಟಾದಾಗ ಡಿಟರ್ಜೆಂಟ್ ಬಗೆಯ ಆಡಿಟಿವ್ ನೆರವಾಗಬಹುದು. ಸವೆದ ಇಂಜೆಕ್ಟರನ್ನು ಅದು ಸರಿಪಡಿಸದು. ಕೊರೆಯುವ ಚಳಿಯಲ್ಲಿ ಡೀಸೆಲ್‌ನೊಳಗಿನ ಮೇಣ ಹರಳುಗಟ್ಟಿ ಫಿಲ್ಟರ್ ಮುಚ್ಚಿಕೊಳ್ಳುತ್ತದೆ. ಲಡಾಖ್‌ಗಾಗಿ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಚಳಿ ನಿರೋಧಕ ಆಡಿಟಿವ್ ಅನ್ನು ಮೇಣ ಕಟ್ಟುವ ಮೊದಲೇ ಹಾಕಬೇಕು, ಕಟ್ಟಿದ ಮೇಲೆ ಫಲವಿಲ್ಲ. ಕರ್ನಾಟಕದ ಹವೆಗೆ ಇದು ಅನಗತ್ಯ.

ಲೋಹಾಂಶವುಳ್ಳ ಆಡಿಟಿವ್‌ಗಳ ಬೂದಿ, ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಉಳಿದುಬಿಡುತ್ತದೆ. ಕಾರಿನ ಕೈಪಿಡಿ ಒಪ್ಪದಿದ್ದರೆ ಬಳಸಬಾರದು. ಹೊಗೆಯನ್ನು ಶುದ್ಧಗೊಳಿಸಲು ಬಳಸುವ ಯೂರಿಯಾ ದ್ರಾವಣವಾದ ಆಡ್‌ಬ್ಲೂ ಇಂಧನದ ಆಡಿಟಿವ್ ಅಲ್ಲ. ಅದಕ್ಕೆ ಪ್ರತ್ಯೇಕ ಟ್ಯಾಂಕ್ ಇರುತ್ತದೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಎಂಜಿನ್ ಸ್ಟಾರ್ಟ್ ಮಾಡದೆ ಟ್ಯಾಂಕ್ ಖಾಲಿ ಮಾಡಿಸಬೇಕು.