ಮಾಡಿ ಕಲಿಯುವ ಪದ್ಧತಿ: ದಾಸರಹಳ್ಳಿ–ಪೀಣ್ಯ ವಲಯದ ಒಂದು ಶೈಕ್ಷಣಿಕ ಚರಿತ್ರೆ

ಬೆಂಗಳೂರಿನ ತುಮಕೂರು ರಸ್ತೆಯ ಇಕ್ಕೆಲಗಳಲ್ಲಿ ಹಬ್ಬಿರುವ ಜಾಲಹಳ್ಳಿ, ಟಿ. ದಾಸರಹಳ್ಳಿ ಮತ್ತು ಪೀಣ್ಯಗಳ ವಲಯವನ್ನು ಕೈಗಾರಿಕೆಯ ಇತಿಹಾಸದಲ್ಲಿ ಎಲ್ಲರೂ ಗುರುತಿಸುತ್ತಾರೆ. ಶಿಕ್ಷಣದ ಇತಿಹಾಸದಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. ವಿದ್ಯಾರ್ಥಿಯು ಒಂದು ನಿಜವಾದ ಸಮಸ್ಯೆಯನ್ನು ಕೈಗೆತ್ತಿಕೊಂಡು, ಅದಕ್ಕೆ ಉತ್ತರವಾಗುವ ವಸ್ತುವನ್ನು ವಾರಗಟ್ಟಲೆ ದುಡಿದು ಸಿದ್ಧಪಡಿಸುತ್ತ, ಆ ದುಡಿಮೆಯ ಮೂಲಕವೇ ವಿಷಯವನ್ನು ಅರಿಯುವ ಕ್ರಮಕ್ಕೆ ಇಂದು ಯೋಜನಾಧಾರಿತ ಕಲಿಕೆ ಎಂಬ ಹೆಸರಿದೆ. ಈ ಹೆಸರು ಶಾಲೆಗಳಲ್ಲಿ ಬಳಕೆಗೆ ಬರುವ ಎಷ್ಟೋ ಮೊದಲೇ ಈ ಭಾಗದ ತರಬೇತಿ ಶಾಲೆಗಳು ಅದೇ ಕ್ರಮವನ್ನು ನಡೆಸಿಕೊಂಡು ಬಂದಿದ್ದವು.

ಈ ಕ್ರಮದ ವೈಚಾರಿಕ ಮೂಲಗಳು ಎರಡು. ಜಾನ್ ಡ್ಯೂಯಿಯ ಚಿಂತನೆಯನ್ನು ಮುಂದುವರಿಸಿದ ಅಮೆರಿಕದ ವಿಲಿಯಂ ಕಿಲ್ಪ್ಯಾಟ್ರಿಕ್ 1918ರಲ್ಲಿ ಪ್ರಕಟಿಸಿದ ಪ್ರಬಂಧವು 'ಯೋಜನಾ ವಿಧಾನ' ಎಂಬ ಹೆಸರಿನಿಂದ ನಮ್ಮ ಬಿ.ಇಡಿ. ಪಠ್ಯಗಳಿಗೆ ಬಂತು. ಗಾಂಧೀಜಿಯವರ ನೇತೃತ್ವದಲ್ಲಿ 1937ರಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನ ಮತ್ತು ಅದರ ಬೆನ್ನಲ್ಲೇ ರಚನೆಯಾದ ಝಾಕಿರ್ ಹುಸೇನ್ ಸಮಿತಿಯು ಕಸುಬನ್ನು ಕೇಂದ್ರವಾಗಿಸಿಕೊಂಡು ಗಣಿತ, ಭಾಷೆ, ಸಮಾಜ ವಿಷಯಗಳನ್ನು ಕಲಿಸುವ ಮೂಲ ಶಿಕ್ಷಣದ ರೂಪರೇಷೆಯನ್ನು ಕೊಟ್ಟಿತು. ಕಸುಬನ್ನೂ ಪಾಠವನ್ನೂ ಬೆಸೆಯಬಲ್ಲ ಶಿಕ್ಷಕರು ಸಾಕಷ್ಟು ಸಂಖ್ಯೆಯಲ್ಲಿ ಸಿಗದೆ, ನೂಲುವುದು ಒಂದು ಪೀರಿಯಡ್ ಮತ್ತು ಪಾಠ ಇನ್ನೊಂದು ಪೀರಿಯಡ್ ಎಂದು ಅನೇಕ ಕಡೆ ಬೇರ್ಪಟ್ಟದ್ದು ಆ ಪ್ರಯೋಗವು ಸೊರಗಲು ಒಂದು ಮುಖ್ಯ ಕಾರಣವಾಯಿತು.

ಬೆಂಗಳೂರಿನ ಈ ಅಂಚಿನಲ್ಲಿ ಅದೇ ಬೆಸುಗೆಯು ಬೇರೊಂದು ದಾರಿಯಿಂದ ಸಾಧ್ಯವಾಯಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಎಚ್‌ಎಂಟಿ ಮತ್ತು 1954ರಲ್ಲಿ ಬಿಇಎಲ್ ಕಾರ್ಖಾನೆಗಳು ಜಾಲಹಳ್ಳಿಯಲ್ಲಿ ನೆಲೆಯೂರಿದಾಗ, ಯಂತ್ರಗಳನ್ನು ಕಟ್ಟಬಲ್ಲ ಕೈಗಳನ್ನು ಮೊದಲು ಸಿದ್ಧಪಡಿಸಬೇಕಾದ ಅಗತ್ಯವು ತಲೆದೋರಿತು. 1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಯೊಳಗಿನ ಕಲಿಕೆಗೆ ಕಾನೂನಿನ ಚೌಕಟ್ಟನ್ನು ಒದಗಿಸಿತು; 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ರಾಜಾಜಿನಗರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಆರಂಭವಾಯಿತು. ಪೀಣ್ಯ ಕೈಗಾರಿಕಾ ಪ್ರದೇಶವು 1970ರ ದಶಕದಲ್ಲಿ ಬೆಳೆಯತೊಡಗಿದ ಮೇಲೆ, ಸ್ವಿಸ್ ನೆರವಿನಿಂದ 1959ರಲ್ಲಿ ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ ಹುಟ್ಟಿದ ಎನ್‌ಟಿಟಿಎಫ್ ಎಂಬ ತರಬೇತಿ ಸಂಸ್ಥೆಯೂ ಪೀಣ್ಯದಲ್ಲಿ ತನ್ನ ಕೇಂದ್ರವನ್ನು ಕಟ್ಟಿಕೊಂಡಿತು. ಜಿಟಿಟಿಸಿ ಮತ್ತು ಎನ್‌ಟಿಟಿಎಫ್ ಎರಡರಲ್ಲಿಯೂ ತರಬೇತಿ ಮತ್ತು ಉತ್ಪಾದನೆಗಳು ಒಂದೇ ಸೂರಿನಡಿ ಸಾಗಿದ್ದರಿಂದ, ಕಲಿಯುವವರು ಬಳಕೆದಾರನಿರುವ ನಿಜವಾದ ಕೆಲಸವನ್ನು ಹತ್ತಿರದಿಂದ ಕಂಡರು.

ಇಂಥ ಕಲಿಕೆ ನಡೆಯುವ ಬಗೆಯನ್ನು ತಿಳಿಯಲು ಒಂದು ಪ್ರೆಸ್ ಟೂಲ್, ಅಂದರೆ ಲೋಹದ ತಗಡನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಉಪಕರಣ, ತಯಾರಾಗುವುದನ್ನು ಗಮನಿಸಬೇಕು. ಮೊದಲು ಉಕ್ಕಿನ ತುಂಡನ್ನು ಅರದಿಂದ ಉಜ್ಜಿ, ಮೂಲೆಮಟ್ಟವನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ನುಸುಳದಂತೆ ಮಾಡುವ ಅಭ್ಯಾಸವು ತಿಂಗಳುಗಟ್ಟಲೆ ನಡೆಯುತ್ತದೆ. ಆಮೇಲೆ ನಕ್ಷೆ, ಮಿಲ್ಲಿಂಗ್, ಕಾಯಿಸಿ ಗಡುಸು ಮಾಡುವುದು, ಗ್ರೈಂಡಿಂಗ್, ಜೋಡಣೆ ಇವೆಲ್ಲ ಬರುತ್ತವೆ. ಗಡುಸು ಮಾಡುವಾಗ ಉಕ್ಕಿನ ಅಳತೆಯು ತುಸು ಬದಲಾಗುವುದರಿಂದ, ಗ್ರೈಂಡಿಂಗ್‌ಗೆಂದು ಮೊದಲೇ ಸ್ವಲ್ಪ ಲೋಹವನ್ನು ಉಳಿಸಿಕೊಳ್ಳಬೇಕು. ಮೇಲಿನ ಪಂಚ್‌ಗೂ ಕೆಳಗಿನ ಡೈಗೂ ನಡುವಿನ ಅಂತರವು ಹೆಚ್ಚಾದರೆ ತಗಡಿನ ಅಂಚಿನಲ್ಲಿ ಬರ್, ಅಂದರೆ ಚೂಪಾದ ಜುಂಗು, ಮೂಡುತ್ತದೆ, ಕಡಿಮೆಯಾದರೆ ಉಪಕರಣವು ಬೇಗ ಸವೆಯುತ್ತದೆ. ತ್ರಿಕೋನಮಿತಿ, ಲೋಹವಿಜ್ಞಾನ ಮತ್ತು ನಕ್ಷೆ ಓದುವ ವಿದ್ಯೆಗಳು ಇಲ್ಲಿ ಮೂರು ವಿಷಯಗಳಾಗಿ ಉಳಿಯದೆ ಒಂದೇ ತಪ್ಪಿನ ಮೂರು ಕಾರಣಗಳಾಗಿ ಎದುರಾಗುತ್ತವೆ. ಪ್ರೆಸ್ಸಿನಿಂದ ಹೊರಬಿದ್ದ ತಗಡೇ ಪರೀಕ್ಷಕನಾಗುವುದರಿಂದ, ವಿದ್ಯಾರ್ಥಿಯು ತನ್ನ ತಪ್ಪನ್ನು ತಾನೇ ಹುಡುಕಿ ತಿದ್ದುವುದನ್ನು ರೂಢಿಸಿಕೊಳ್ಳುತ್ತಾನೆ. ಕಲಿಸುವವರಿಗೂ ಇದರಿಂದ ಲಾಭವುಂಟು: ವಿದ್ಯಾರ್ಥಿಯ ಅರಿವು ಎಲ್ಲಿ ಎಡವಿದೆ ಎಂಬುದು ಉತ್ತರಪತ್ರಿಕೆಗಿಂತ ಕೆಲಸದಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ.

ಎಂಜಿನಿಯರಿಂಗ್ ಕಾಲೇಜುಗಳಿಗೆ ಇದೇ ಆಶಯವನ್ನು ಒಯ್ಯುವ ಯತ್ನವಾಗಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಲ್ಲಿ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮವನ್ನು ಆರಂಭಿಸಿ, ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಧನಸಹಾಯವನ್ನೂ ತಮ್ಮ ಕೆಲಸವನ್ನು ಪ್ರದರ್ಶಿಸುವ ವೇದಿಕೆಯನ್ನೂ ಒದಗಿಸಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪನೆಯಾದ ನಂತರ ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯಕ್ರಮದಡಿ ಬಂದವು; ಅದರಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ಎಲ್ಲ ವಿದ್ಯಾರ್ಥಿಗಳ ಪಾಲಿಗೂ ಅಂಕದ ವಿಷಯವಾಗಿತ್ತು. ಸಂಖ್ಯೆ ಹೆಚ್ಚಿದಂತೆ ತೊಡಕುಗಳೂ ಹೆಚ್ಚಿದವು. ಒಬ್ಬ ಅಧ್ಯಾಪಕರ ಪಾಲಿಗೆ ಹಲವು ತಂಡಗಳು ಬಂದಾಗ ಮಾರ್ಗದರ್ಶನವು ಸಹಿ ಹಾಕುವುದಕ್ಕೆ ಇಳಿಯಿತು. ತಂಡದಲ್ಲಿ ಒಬ್ಬಿಬ್ಬರು ದುಡಿದು ಉಳಿದವರು ಅಂಕ ಪಡೆಯುವುದು ಸಾಮಾನ್ಯವಾಯಿತು. ಸಿದ್ಧ ಪ್ರಾಜೆಕ್ಟುಗಳನ್ನು ಮಾರುವ ಅಂಗಡಿಗಳು ನಗರದಲ್ಲಿ ತಲೆಯೆತ್ತಿದವು. ಶಾಲೆಗಳಲ್ಲಿಯೂ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದ ಮೇಲೆ, ಚಿತ್ರ ಅಂಟಿಸಿದ ಹಾಳೆಗಳನ್ನು ಮನೆಯವರೇ ಸಿದ್ಧಪಡಿಸಿಕೊಡುವ ರೂಢಿ ಬೆಳೆಯಿತು. ಪಾಲಕರಿಬ್ಬರೂ ಪಾಳಿಯಲ್ಲಿ ದುಡಿಯುವ ಮನೆಗಳ ಮಕ್ಕಳಿಗೆ ಆ ನೆರವೂ ಇಲ್ಲ, ಸಾಮಗ್ರಿ ಕೊಳ್ಳುವ ಹಣವೂ ಇಲ್ಲ. ಹೀಗಾಗಿ ಸಮಾನತೆಯನ್ನು ತರಬೇಕಾದ ಕ್ರಮವೇ ಅಸಮಾನತೆಯನ್ನು ಹೆಚ್ಚಿಸಬಲ್ಲದು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅನುಭವದಿಂದ ಕಲಿಯುವುದಕ್ಕೆ ಒತ್ತು ನೀಡಿರುವಾಗ, ಈ ವಲಯದ ಚರಿತ್ರೆಯು ಕಲಿಸುವ ಪಾಠವು ಅತ್ಯಂತ ಪ್ರಸ್ತುತವಾಗಿದೆ. ತರಬೇತಿ ಕೇಂದ್ರಗಳಲ್ಲಿ ಪದ್ಧತಿ ಫಲಿಸಿದ್ದಕ್ಕೆ ಮೂರು ಆಧಾರಗಳಿದ್ದವು: ಸ್ವತಃ ಕೆಲಸ ಬಲ್ಲ ಗುರು, ಸಂಸ್ಥೆಯೇ ಒದಗಿಸುವ ಸಾಮಗ್ರಿ ಮತ್ತು ಸಮಯ, ಕೆಲಸದ ಗುಣವನ್ನು ನಿಷ್ಪಕ್ಷಪಾತವಾಗಿ ತೋರುವ ಅಳತೆ. ಮೂಲ ಶಿಕ್ಷಣವು ಸೋತದ್ದು ಮುಖ್ಯವಾಗಿ ಮೊದಲನೆಯದರ ಕೊರತೆಯಿಂದ. ಇಂದಿನ ಶಾಲೆ ಮತ್ತು ಕಾಲೇಜುಗಳಲ್ಲಿ ಮೂರೂ ಕೊರತೆಗಳಿವೆ. ಆದ್ದರಿಂದ ಪ್ರಾಜೆಕ್ಟುಗಳ ಸಂಖ್ಯೆಯನ್ನು ಕಡಿಮೆ ಮಾಡಿ, ವರ್ಷಕ್ಕೆ ಒಂದನ್ನಾದರೂ ಶಾಲೆಯ ವೇಳೆಯಲ್ಲಿ, ಶಾಲೆಯ ಖರ್ಚಿನಲ್ಲಿ, ಶಿಕ್ಷಕರ ಕಣ್ಣೆದುರಿನಲ್ಲಿಯೇ ಮಾಡಿಸುವುದು ಮತ್ತು ಅದಕ್ಕೆ ಮೊದಲು ಶಿಕ್ಷಕರಿಗೇ ಅಂಥದೊಂದು ಕೆಲಸವನ್ನು ಮಾಡಿ ಮುಗಿಸುವ ಅವಕಾಶ ಕೊಡುವುದು, ಹೊಸ ಸುತ್ತೋಲೆಗಳಿಗಿಂತ ಹೆಚ್ಚಿನ ಫಲವನ್ನು ನೀಡುವ ಸುಧಾರಣೆಯಾಗಿದೆ.