ಗೇಜ್ ಬದಲಾಗುವ ಊರು

ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಮುಂಬಯಿಗೆ ಹೋಗುತ್ತಿದ್ದ ಹಿಂದಿನ ತಲೆಮಾರಿನವರಿಗೆ ಮಿರಜ್ ಎಂಬ ಊರು ಚೆನ್ನಾಗಿ ನೆನಪಿರುತ್ತದೆ. 1971ರಲ್ಲಿ ಪುಣೆ-ಮಿರಜ್ ಮಾರ್ಗ ಬ್ರಾಡ್‌ಗೇಜ್ ಆಯಿತು. ಮಿರಜ್‌ನಿಂದ ದಕ್ಷಿಣಕ್ಕೆ ಬೆಳಗಾವಿ, ಹುಬ್ಬಳ್ಳಿಗಳ ಮೂಲಕ ಬೆಂಗಳೂರಿಗೆ ಬರುವ ಹಳಿ ಮಾತ್ರ ಮತ್ತೆ ಎರಡು ದಶಕ ಮೀಟರ್‌ಗೇಜ್ ಆಗಿಯೇ ಉಳಿಯಿತು. ಹೀಗಾಗಿ ಮಿರಜ್ ಬಂತೆಂದರೆ ಟ್ರಂಕು, ಹಾಸಿಗೆ ಸುರುಳಿ, ಬುತ್ತಿಗಂಟು, ಮಕ್ಕಳು ಮರಿ ಎಲ್ಲವನ್ನೂ ಇಳಿಸಿಕೊಂಡು ಇನ್ನೊಂದು ರೈಲಿಗೆ ಹತ್ತಬೇಕಿತ್ತು. ಊರು ಬಂದದ್ದಕ್ಕಲ್ಲ, ಹಳಿ ಬದಲಾದದ್ದಕ್ಕೆ ಇಳಿಯಬೇಕಿತ್ತು.

ಎರಡು ಕಂಬಿಗಳ ಒಳಅಂಚುಗಳ ನಡುವಿನ ಅಂತರವೇ ಗೇಜ್. ಭಾರತದ ಬ್ರಾಡ್‌ಗೇಜಿನಲ್ಲಿ ಇದು ಐದೂವರೆ ಅಡಿ, ಅಂದರೆ 1,676 ಮಿಲಿಮೀಟರ್. ಮೀಟರ್‌ಗೇಜಿನಲ್ಲಿ ಹೆಸರೇ ಹೇಳುವಂತೆ ಒಂದು ಮೀಟರ್. ರೈಲಿನ ಎರಡು ಗಾಲಿಗಳನ್ನು ಒಂದೇ ಉಕ್ಕಿನ ಅಚ್ಚಿಗೆ ಬಿಗಿದು ಕೂರಿಸಿರುತ್ತಾರೆ. ಎತ್ತಿನಗಾಡಿಯ ಗಾಲಿಗಳಂತೆ ಅವು ಬೇರೆ ಬೇರೆಯಾಗಿ ತಿರುಗುವುದಿಲ್ಲ, ಅತ್ತಿತ್ತ ಜರುಗುವುದೂ ಇಲ್ಲ. ಗಾಡಿಯಾದರೆ ಕಿರಿದಾದ ಹಾದಿಯಲ್ಲಿ ಒಂದು ಗಾಲಿಯನ್ನು ಪಕ್ಕದ ಹುಲ್ಲಿಗೆ ಇಳಿಸಿಯಾದರೂ ಮುಂದೆ ಸಾಗೀತು. ರೈಲಿಗೆ ಆ ಸೌಲಭ್ಯವಿಲ್ಲ. ಹಳಿಯ ಅಳತೆ ಬದಲಾದ ಕಡೆ ಅದರ ದಾರಿ ಮುಗಿಯಿತು.

ಭಾರತದಲ್ಲಿ ಈ ತೊಂದರೆ ಇರಲೇಬಾರದೆಂದು ಮೊದಲೇ ಯೋಚಿಸಿದ್ದರು ಎಂಬುದು ಸ್ವಾರಸ್ಯಕರ ಸಂಗತಿ. ಇಂಗ್ಲೆಂಡಿನಲ್ಲಿ ಆಗಲೇ ಒಂದು ಪಾಠವಾಗಿತ್ತು. ಅಲ್ಲಿ ಬ್ರೂನೆಲ್ ಎಂಬ ಪ್ರತಿಭಾವಂತ ಎಂಜಿನಿಯರ್ ಏಳಡಿ ಅಗಲದ ಹಳಿ ಹಾಕಿಸಿದ್ದ. ಉಳಿದ ಬಹುಪಾಲು ಕಂಪೆನಿಗಳದು ನಾಲ್ಕಡಿ ಎಂಟೂವರೆ ಅಂಗುಲದ ಹಳಿ. ಇವೆರಡೂ ಗ್ಲಾಸ್ಟರ್ ಪಟ್ಟಣದಲ್ಲಿ ಎದುರುಬದುರಾದಾಗ ಆದ ಗೊಂದಲ ಪಾರ್ಲಿಮೆಂಟಿನವರೆಗೂ ಹೋಗಿ, 1846ರಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಬಂತು. ಆ ರಗಳೆ ಭಾರತದಲ್ಲಿ ಮರುಕಳಿಸಬಾರದು, ದೇಶಕ್ಕೆಲ್ಲ ಒಂದೇ ಅಳತೆ ಇರಬೇಕು ಎಂದು ಗವರ್ನರ್ ಜನರಲ್ ಡಾಲ್‌ಹೌಸಿ ಹಟ ಹಿಡಿದ. ಅವನಿಗೆ ಆರಡಿ ಬೇಕಿತ್ತು. ಕೊನೆಗೆ ಐದೂವರೆ ಅಡಿಗೆ ಒಪ್ಪಿಗೆಯಾಯಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ಪ್ರಯಾಣಿಕರ ರೈಲು ಈ ಹಳಿಯ ಮೇಲೆಯೇ ಓಡಿತು. 1864ರಲ್ಲಿ ಮದ್ರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ ಬಂದ ರೈಲೂ ಇದೇ ಅಳತೆಯದು.

ಹದಿನೇಳು ವರ್ಷಗಳಲ್ಲಿ ಎಲ್ಲ ಬದಲಾಯಿತು. ಆರಂಭದ ರೈಲ್ವೆ ಕಂಪೆನಿಗಳ ಬಂಡವಾಳಕ್ಕೆ ಶೇ 5ರ ಬಡ್ಡಿಯನ್ನು ಸರ್ಕಾರವೇ ಖಾತರಿ ಮಾಡಿತ್ತು. ಲಾಭವಾದರೆ ಕಂಪೆನಿಯ ಷೇರುದಾರರಿಗೆ, ಕೊರತೆಯಾದರೆ ಭಾರತದ ರೈತನ ಕಂದಾಯದಿಂದ ಎಂಬ ಈ ಏರ್ಪಾಡಿನಲ್ಲಿ ದುಂದುವೆಚ್ಚಕ್ಕೆ ಕಡಿವಾಣವೇ ಇರಲಿಲ್ಲ. ಖಜಾನೆ ಬರಿದಾದಾಗ ವೈಸ್‌ರಾಯ್ ಮೇಯೊ ಸರ್ಕಾರದ ವತಿಯಿಂದಲೇ ಅಗ್ಗದ ಹಳಿ ಹಾಕಲು ಹೊರಟ. 1870ರಲ್ಲಿ ಗೊತ್ತುಪಡಿಸಿದ ಅಳತೆ ಒಂದು ಮೀಟರ್. ಅಡಿ ಅಂಗುಲಗಳ ಆ ಕಾಲದಲ್ಲಿ ಮೀಟರ್ ಎಲ್ಲಿಂದ ಬಂತೆಂದರೆ, ಭಾರತದಲ್ಲಿ ಮೆಟ್ರಿಕ್ ಪದ್ಧತಿ ಇನ್ನೇನು ಜಾರಿಗೆ ಬರಲಿದೆ ಎಂದು ಅಧಿಕಾರಿಗಳು ನಂಬಿದ್ದರು. ಆ ಪದ್ಧತಿ ಬರಲು ಸ್ವಾತಂತ್ರ್ಯವೇ ಬರಬೇಕಾಯಿತು. ಮೀಟರ್‌ಗೇಜ್ ಮಾತ್ರ 1873ರಲ್ಲೇ ದೆಹಲಿ-ರೇವಾಡಿ ನಡುವೆ ಓಡತೊಡಗಿತು.

ಕಿರಿದಾದ ಹಳಿಗೆ ಕಡಿಮೆ ನೆಲ, ಹಗುರ ಕಂಬಿ, ಸಣ್ಣ ಸೇತುವೆ ಸಾಕು, ತಿರುವುಗಳೂ ಬಿಗಿಯಾಗಿರಬಹುದು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಎರಡು ಅಳತೆಗಳು ಸಂಧಿಸುವ ಊರಿನ ಖರ್ಚನ್ನು ಆ ಲೆಕ್ಕದಲ್ಲಿ ಹಗುರವಾಗಿ ಕಂಡಿದ್ದರು. ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರು ಸೇನೆಯವರು. ಲಾಹೋರಿನಿಂದ ವಾಯವ್ಯ ಗಡಿಯತ್ತ ಹೊರಟ ಹಳಿಯ ಕೆಲಸ ಮೀಟರ್‌ಗೇಜಿನಲ್ಲೇ ಆರಂಭವಾಗಿತ್ತು. ಯುದ್ಧಕಾಲದಲ್ಲಿ ಫಿರಂಗಿ, ಕುದುರೆಗಳನ್ನು ನಡುದಾರಿಯಲ್ಲಿ ಇಳಿಸಿ ಹತ್ತಿಸುವುದು ಸಾಧ್ಯವಿಲ್ಲವೆಂದು ಅವರು ತಗಾದೆ ತೆಗೆದಾಗ ಅದನ್ನು ಬ್ರಾಡ್‌ಗೇಜಿಗೆ ಬದಲಿಸಲಾಯಿತು. ದವಸದ ಮೂಟೆಗಳ ಪರವಾಗಿ ತಗಾದೆ ತೆಗೆಯುವವರು ಯಾರೂ ಇರಲಿಲ್ಲ.

ಕನ್ನಡ ನಾಡಿನ ಮೀಟರ್‌ಗೇಜ್ ಹಳಿಗಳ ಹಿಂದೆ ಇರುವುದು 1876-78ರ ಭೀಕರ ಕ್ಷಾಮ. ಆಗ ಹಡಗು, ರೈಲುಗಳಲ್ಲಿ ಧಾನ್ಯ ಬಂದರೂ ನಿಲ್ದಾಣದಿಂದಾಚೆ ಸಾಗಿಸಲು ಎತ್ತುಗಳೇ ಬದುಕಿರಲಿಲ್ಲ. ಹಳಿ ಇಲ್ಲದ ಸೀಮೆಯಲ್ಲಿ ಬರ ಬಂದರೆ ಏನಾಗುತ್ತದೆ ಎಂಬುದನ್ನು ಲಕ್ಷಾಂತರ ಜನರ ಸಾವು ತೋರಿಸಿಕೊಟ್ಟಿತು. ಕ್ಷಾಮ ಪರಿಹಾರದ ಕಾಮಗಾರಿಯಾಗಿ ಮಣ್ಣಿನ ಕೆಲಸ ನಡೆದ ಬೆಂಗಳೂರು-ಮೈಸೂರು ಮಾರ್ಗ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1882ರಲ್ಲಿ ಪೂರ್ಣಗೊಂಡಿತು. 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಹೋಟಗಿ-ಗದಗ ಹಳಿ ವಿಜಾಪುರದ ಮೂಲಕ ಹಾದುಬಂತು. ಎರಡೂ ಮೀಟರ್‌ಗೇಜ್. ಬರ ಎದುರಿಸಲೆಂದೇ ಹಾಕಿದ ಹಳಿಗೆ ಬ್ರಾಡ್‌ಗೇಜಿನಿಂದ ಬಂದ ಜೋಳವನ್ನು ಸೊಲ್ಲಾಪುರದ ಬಳಿಯ ಹೋಟಗಿಯಲ್ಲಿ ಇಳಿಸಿ ತುಂಬಬೇಕಿತ್ತು. ಗುಂತಕಲ್ಲಿನ ಕಥೆಯೂ ಅದೇ. ಮದ್ರಾಸಿನಿಂದ ಬಂದ ಮೈಸೂರಿನ ಪ್ರಯಾಣಿಕ ಬೆಂಗಳೂರಿನಲ್ಲಿ ರೈಲು ಬದಲಿಸುವ ಪದ್ಧತಿ ನೂರು ವರ್ಷಕ್ಕೂ ಮೀರಿ ನಡೆಯಿತು.

ಈ ಜಂಕ್ಷನ್ನುಗಳ ಯಾರ್ಡಿನಲ್ಲಿ ಒಂದು ಪಕ್ಕ ದೊಡ್ಡ ವ್ಯಾಗನ್, ಇನ್ನೊಂದು ಪಕ್ಕ ಸಣ್ಣ ವ್ಯಾಗನ್, ನಡುವೆ ಹಮಾಲರ ಬೆನ್ನು. ಒಂದು ಬ್ರಾಡ್‌ಗೇಜ್ ವ್ಯಾಗನ್ನಿನ ಸರಕು ಒಂದು ಮೀಟರ್‌ಗೇಜ್ ವ್ಯಾಗನ್ನಿನಲ್ಲಿ ಹಿಡಿಸುತ್ತಿರಲಿಲ್ಲ. ಮೂಟೆಗೆ ಕೊಕ್ಕೆ ಹಾಕಿ ಎಳೆಯುವಾಗ ಸುರಿದುಹೋದ ಕಾಳು, ಒಡೆದ ಹೆಂಚು, ಕಳುವಾದ ಪೆಟ್ಟಿಗೆ ಇವೆಲ್ಲ ವ್ಯಾಪಾರಿಯ ಲೆಕ್ಕಕ್ಕೆ, ಅಲ್ಲಿಂದ ಕೊಳ್ಳುವವನ ಲೆಕ್ಕಕ್ಕೆ. ಒಂದು ಕಡೆ ಖಾಲಿ ವ್ಯಾಗನ್ ಸಿಗದಿದ್ದರೆ ಇನ್ನೊಂದು ಕಡೆ ತುಂಬಿದ ವ್ಯಾಗನ್‌ಗಳು ಸಾಲುಗಟ್ಟಿ ನಿಲ್ಲುತ್ತಿದ್ದವು.

ಇದರ ಪರಾಕಾಷ್ಠೆ ಕಂಡದ್ದು ಎರಡನೆಯ ಮಹಾಯುದ್ಧದಲ್ಲಿ. ಜಪಾನೀಯರು ಬರ್ಮಾವನ್ನು ಹಿಡಿದ ಮೇಲೆ ಅಸ್ಸಾಮಿನ ಗಡಿಗೆ ಮದ್ದುಗುಂಡು, ಆಹಾರ, ಪೆಟ್ರೋಲ್ ಸಾಗಿಸುವ ಹೊಣೆ ಚಹಾ ಪೆಟ್ಟಿಗೆ ಸಾಗಿಸಲೆಂದು ಹಾಕಿದ್ದ ಮೀಟರ್‌ಗೇಜಿನ ಮೇಲೆ ಬಿತ್ತು. ಕಲ್ಕತ್ತೆಯಿಂದ ಬ್ರಾಡ್‌ಗೇಜಿನಲ್ಲಿ ಬಂದ ಸರಕನ್ನು ಪಾರ್ಬತಿಪುರದಂತಹ ಜಂಕ್ಷನ್ನುಗಳಲ್ಲಿ ಕೈಯಿಂದಲೇ ಬದಲಿಸಬೇಕು. ಮುಂದೆ ಸೇತುವೆಯಿಲ್ಲದ ಬ್ರಹ್ಮಪುತ್ರಾ ನದಿಯಲ್ಲಿ ಅಮಿನ್‌ಗಾಂವ್‌ನಿಂದ ಪಾಂಡುವಿಗೆ ವ್ಯಾಗನ್‌ಗಳನ್ನು ದೋಣಿಯ ಮೇಲೆ ದಾಟಿಸಬೇಕು. ಸರಕು ದಾರಿಯಲ್ಲೇ ಕೊಳೆಯುವ ಪರಿಸ್ಥಿತಿ ಬಂದಾಗ, 1944ರ ಮಾರ್ಚ್‌ನಲ್ಲಿ ಅಮೆರಿಕದ ರೈಲ್ವೆ ಸೈನಿಕರೇ ಆ ಮಾರ್ಗದ ಓಡಾಟವನ್ನು ವಹಿಸಿಕೊಂಡರು. ಇಂಫಾಲ, ಕೊಹಿಮಾಗಳ ಕದನ ನಡೆದದ್ದು ಅದೇ ತಿಂಗಳುಗಳಲ್ಲಿ.

ಹಾಗಾದರೆ ರೈಲನ್ನು ಒಂದು ಗೇಜಿನಿಂದ ಇನ್ನೊಂದಕ್ಕೆ ದಾಟಿಸುವ ಉಪಾಯವೇ ಇಲ್ಲವೆ? ಇದೆ. ತೀರ ಹಳೆಯದು ಮೂರನೆಯ ಕಂಬಿ ಹಾಕುವುದು. ಒಂದು ಕಂಬಿ ಎರಡೂ ರೈಲುಗಳಿಗೆ ಸಾಮಾನ್ಯ, ಉಳಿದೆರಡು ಒಂದೊಂದಕ್ಕೆ. 1998ರಲ್ಲಿ ತೆರೆದ ಬಾಂಗ್ಲಾದೇಶದ ಜಮುನಾ ಸೇತುವೆಯ ಮೇಲೆ ಇಂಥದ್ದೇ ಜೋಡಿ ಗೇಜಿನ ಹಳಿಯಿತ್ತು. ಆದರೆ ಇದಕ್ಕೆ ಎರಡು ಅಳತೆಗಳ ನಡುವೆ ಸಾಕಷ್ಟು ವ್ಯತ್ಯಾಸ ಇರಬೇಕು. ಪೋಲೆಂಡಿನ 1,435 ಮಿಲಿಮೀಟರ್ ಹಳಿಯೂ ಹಿಂದಿನ ಸೋವಿಯತ್ ಒಕ್ಕೂಟದ 1,520 ಮಿಲಿಮೀಟರ್ ಹಳಿಯೂ ಸೇರುವ ಬ್ರೆಸ್ಟ್ ಪಟ್ಟಣದಲ್ಲಿ ವ್ಯತ್ಯಾಸ ಬರೀ 85 ಮಿಲಿಮೀಟರ್. ಕಂಬಿಯ ತಳವೇ ಅದಕ್ಕಿಂತ ಅಗಲ. ಮೂರನೆಯ ಕಂಬಿಗೆ ಜಾಗವೆಲ್ಲಿ? ಅಲ್ಲಿ ಕಂಡುಕೊಂಡ ದಾರಿ ಗಾಲಿಗಳನ್ನೇ ಬದಲಿಸುವುದು. ಜನ ರೈಲಿನ ಡಬ್ಬಿಯನ್ನೇ ಬೋಗಿ ಎನ್ನುವುದುಂಟು. ತಂತ್ರಜ್ಞರಿಗೆ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ಗಾಲಿಗಳನ್ನು ಹಿಡಿದಿರುವ ಚೌಕಟ್ಟು. ಪ್ರಯಾಣಿಕರು ಒಳಗಿರುವಂತೆಯೇ ಡಬ್ಬಿಗಳನ್ನು ಬಿಡಿಸಿ, ಜಾಕಿಗಳಿಂದ ಮೇಲೆತ್ತಿ, ಹಳೆಯ ಬೋಗಿಗಳನ್ನು ಹೊರಗೆ ಉರುಳಿಸಿ ಹೊಸವನ್ನು ಒಳಕ್ಕೆ ತಳ್ಳುತ್ತಿದ್ದರು. ಒಂದೆರಡು ಗಂಟೆಯ ಕೆಲಸ.

ಇನ್ನೂ ಚತುರ ಉಪಾಯ ಸ್ಪೇನ್ ದೇಶದ ಟಾಲ್ಗೊ ರೈಲಿನದು. 1969ರಲ್ಲಿ ಬಾರ್ಸಿಲೋನಾದಿಂದ ಜಿನೀವಾಕ್ಕೆ ಹೊರಟ ಈ ರೈಲು ಫ್ರಾನ್ಸಿನ ಗಡಿಯಲ್ಲಿ 1,668 ಮಿಲಿಮೀಟರ್ ಹಳಿಯಿಂದ 1,435ಕ್ಕೆ ತಾನೇ ದಾಟಿಕೊಂಡಿತು. ಟಾಲ್ಗೊ ಗಾಲಿಗಳನ್ನು ಜೋಡಿಸುವ ಅಚ್ಚು ಇಲ್ಲ. ಎಡಬಲದ ಗಾಲಿಗಳು ಸ್ವತಂತ್ರ. ನಿಧಾನವಾಗಿ ಸಾಗುವ ಡಬ್ಬಿಯ ಭಾರವನ್ನು ಪಕ್ಕದ ಆಧಾರ ಪಟ್ಟಿಗಳು ಹೊರುತ್ತವೆ. ಭಾರವಿಳಿದ ಗಾಲಿಗಳ ಚಿಲಕ ಕಳಚುತ್ತದೆ, ಓರೆಯಾಗಿ ಕೂರಿಸಿದ ಪಟ್ಟಿಗಳು ಅವನ್ನು ಒಳಕ್ಕೆ ಒತ್ತುತ್ತವೆ, ಚಿಲಕ ಮತ್ತೆ ಬೀಳುತ್ತದೆ. ಒಳಗೆ ಕುಳಿತವರ ಕಾಫಿ ಲೋಟ ಅಲುಗುವುದೂ ಅಪರೂಪ.

ಇದನ್ನು ಮಿರಜ್‌ನಲ್ಲೋ ಗುಂತಕಲ್ಲಿನಲ್ಲೋ ಏಕೆ ಮಾಡಲಿಲ್ಲ ಎಂದರೆ, ಭಾರತದಲ್ಲಿ ವ್ಯತ್ಯಾಸ ಹಳಿಯಲ್ಲಿ ಮಾತ್ರ ಇರಲಿಲ್ಲ. ಬ್ರಾಡ್‌ಗೇಜ್ ಡಬ್ಬಿ ಮೀಟರ್‌ಗೇಜ್ ಡಬ್ಬಿಗಿಂತ ಸುಮಾರು ಅರ್ಧ ಮೀಟರ್ ಅಗಲ. ಅದಕ್ಕೆ ಸಣ್ಣ ಗಾಲಿ ಜೋಡಿಸಿದರೂ ಮೀಟರ್‌ಗೇಜಿನ ಪ್ಲಾಟ್‌ಫಾರ್ಮು, ಸುರಂಗ, ಸೇತುವೆಗಳ ನಡುವೆ ಅದು ನುಸುಳಲಾರದು. ಮೀಟರ್‌ಗೇಜ್ ಡಬ್ಬಿಯನ್ನೇ ದೊಡ್ಡ ಹಳಿಗೆ ತಂದರೆ ದೊಡ್ಡ ಹಳಿಯ ಲಾಭವೇ ಹೋಯಿತು. ಉಳಿದದ್ದು ವ್ಯತ್ಯಾಸವನ್ನೇ ಅಳಿಸುವ ದಾರಿ. ಅಮೆರಿಕದ ದಕ್ಷಿಣ ರಾಜ್ಯಗಳು ಇದನ್ನು 1886ರಲ್ಲಿ ಮೇ 31 ಮತ್ತು ಜೂನ್ 1ರಂದು, ಎರಡೇ ದಿನಗಳಲ್ಲಿ ಮಾಡಿ ಮುಗಿಸಿದ್ದವು. ಸುಮಾರು 18 ಸಾವಿರ ಕಿಲೋಮೀಟರ್ ಉದ್ದಕ್ಕೂ ಒಂದು ಕಂಬಿಯನ್ನು ಮೂರು ಅಂಗುಲ ಒಳಕ್ಕೆ ಸರಿಸಿ ಮೊಳೆ ಹೊಡೆದರು. ಇಲ್ಲಿ ಸರಿಸಬೇಕಾದದ್ದು ಎರಡು ಅಡಿಗೂ ಹೆಚ್ಚು. ಅದಕ್ಕೆ ಹೊಸ ಸ್ಲೀಪರ್, ಹೊಸ ಸೇತುವೆ, ಹೊಸ ಎಂಜಿನ್ ಎಲ್ಲವೂ ಬೇಕು.

1992ರಲ್ಲಿ ದೇಶದಲ್ಲಿ ಸುಮಾರು 23 ಸಾವಿರ ಕಿಲೋಮೀಟರ್ ಮೀಟರ್‌ಗೇಜ್ ಇದ್ದಾಗ, ಕರ್ನಾಟಕದವರೇ ಆದ ರೈಲ್ವೆ ಸಚಿವ ಸಿ.ಕೆ. ಜಾಫರ್ ಷರೀಫ್ ಅವರ ಕಾಲದಲ್ಲಿ ಏಕ ಗೇಜ್ ಯೋಜನೆ ಆರಂಭವಾಯಿತು. ಇಷ್ಟು ಹಣವನ್ನು ಹೊಸ ಮಾರ್ಗಗಳಿಗೇ ಹಾಕಬಾರದೇ ಎಂಬ ಟೀಕೆ ಆಗ ಕೇಳಿಬಂತು, ಅದು ತಳ್ಳಿಹಾಕುವ ಮಾತೂ ಅಲ್ಲ. ಆದರೂ ಬೆಂಗಳೂರಿನಿಂದ ಮೈಸೂರು, ಹುಬ್ಬಳ್ಳಿ, ಮಿರಜ್‌ಗಳ ಹಳಿ ಆ ದಶಕದಲ್ಲೇ ಬದಲಾಗಿ, ಮೈಸೂರಿನಿಂದ ಚೆನ್ನೈಗೆ, ಹುಬ್ಬಳ್ಳಿಯಿಂದ ಮುಂಬಯಿಗೆ ಕುಳಿತ ಜಾಗದಿಂದ ಏಳದೆ ಹೋಗುವುದು ಸಾಧ್ಯವಾಯಿತು. ಎಲ್ಲ ಕಡೆ ಅಷ್ಟು ಬೇಗ ಆಗಲಿಲ್ಲ. ಘಟ್ಟ ಇಳಿಯುವ ಹಾಸನ-ಮಂಗಳೂರು ಮಾರ್ಗ 1979ರಲ್ಲಿ ಮೀಟರ್‌ಗೇಜ್ ಆಗಿ ತೆರೆದು, 1996ರಲ್ಲಿ ಪರಿವರ್ತನೆಗಾಗಿ ಮುಚ್ಚಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಕೋಲಾರ-ಚಿಕ್ಕಬಳ್ಳಾಪುರ ನಡುವಿನ, ಎರಡೂವರೆ ಅಡಿಯ ನ್ಯಾರೋಗೇಜ್ ಮಾರ್ಗಕ್ಕೆ ಬ್ರಾಡ್‌ಗೇಜ್ ಬರಲು 2013 ಆಯಿತು.

ಮೇಟ್ಟುಪಾಳಯದಲ್ಲಿ ಮಾತ್ರ ಹಳಿ ಇಂದಿಗೂ ಬದಲಾಗುತ್ತದೆ. ಚೆನ್ನೈಯಿಂದ ಬ್ರಾಡ್‌ಗೇಜಿನಲ್ಲಿ ಬಂದವರು ಅಲ್ಲಿ ಇಳಿದು, ಹಲ್ಲುಕಂಬಿ ಹಿಡಿದು ನೀಲಗಿರಿ ಹತ್ತುವ ಮೀಟರ್‌ಗೇಜ್ ರೈಲಿಗೆ ಜಾಗ ಹಿಡಿಯಲು ಓಡುತ್ತಾರೆ.